3 ದಿನದ ಅಣಬೆ ತರಬೇತಿ ಸಾಕಾ? ಹೆಂಗಸರಿಗೆ ಒಳ್ಳೆಯ ಸರ್ಟಿಫಿಕೇಟ್ ಎಲ್ಲಿ ಸಿಗುತ್ತೆ?

ಅಯ್ಯೋ, ನಾಲ್ಕು ವರ್ಷದ ಹಿಂದೆ ನಾನೂ ಇದನ್ನೇ ಕೇಳಿಕೊಂಡು ಓಡಾಡುತ್ತಿದ್ದೆ. ಪಹಣಿ ಮಾವನ ಹೆಸರಲ್ಲಿ, ನನ್ನ ಪಾಲಿಗೆ ಇದ್ದದ್ದು ಮನೆ ಹಿಂದಿನ ಖಾಲಿ ಕೊಟ್ಟಿಗೆ ಮಾತ್ರ. ಸರ್ಟಿಫಿಕೇಟ್ ಸಿಕ್ಕಿತು, ಲ್ಯಾಮಿನೇಟ್ ಮಾಡಿಸಿ ಬೀರುವಿನಲ್ಲಿ ಇಟ್ಟಿದ್ದೇನೆ. ಅದಾದ ತಿಂಗಳಿಗೆ ಅಣಬೆ ಬೆಳೆಯಲು ನಾನು ಹುಲ್ಲು ತುಂಬಿದ 40 ಚೀಲದಲ್ಲಿ 33 ತಿಪ್ಪೆ ಸೇರಿದವು.

ನಮ್ಮದು ಅರಸೀಕೆರೆ ಕಡೆಯ ಹಳ್ಳಿ. ಚಿಪ್ಪು ಅಣಬೆ (ಆಯ್ಸ್ಟರ್) ತರಬೇತಿಗೆ ಮೂವತ್ತು ಜನ ಹೆಂಗಸರು, ಹುಲ್ಲು ಬೇಯಿಸುವ ಡ್ರಮ್ ಒಂದೇ. ಬೇರೆಯವರು ಸೆರಗು ಸಿಕ್ಕಿಸಿಕೊಂಡು ಚೀಲ ತುಂಬುತ್ತಿದ್ದರೆ ನಾನು ಮೊಬೈಲ್ ಹಿಡಿದು ವಿಡಿಯೋ ಮಾಡುತ್ತಾ ನಿಂತೆ. ಡಿಗ್ರಿ ಮಾಡಿದವಳು ಅಂತ ಜಂಬ ಬೇರೆ. ಭತ್ತದ ಹುಲ್ಲು ಎರಡಿಂಚು ಕತ್ತರಿಸಿ, ರಾತ್ರಿಯಿಡೀ ನೆನೆಸಿ, 80 ಡಿಗ್ರಿ ಬಿಸಿನೀರಲ್ಲಿ ಒಂದು ಗಂಟೆ ಇಟ್ಟು, ಬಸಿದು, ಹದವಾಗಿ ಆರಿಸಿ, ಪದರ ಪದರವಾಗಿ ಅಣಬೆ ಬೀಜ ಹಾಕಿ ತುಂಬುವುದು. ಎಲ್ಲಾ ಬರೆದುಕೊಂಡೆ.

ಆ ‘ಹದವಾಗಿ’ ಅನ್ನೋ ಒಂದೇ ಮಾತು ನನ್ನನ್ನು ಮುಳುಗಿಸಿತು. ಮುದ್ದೆಯ ಹದವನ್ನು ಯಾರಾದ್ರೂ ನೋಟ್ಸ್ ಓದಿ ಕಲಿತಿದ್ದಾರಾ? ಮನೆಯಲ್ಲಿ ಬುಟ್ಟಿಯಿಂದ ನೀರು ತೊಟ್ಟಿಕ್ಕುವುದು ನಿಂತಿತು, ಆರಿತು ಅಂದುಕೊಂಡೆ. ಮೇಲಿನ ಹುಲ್ಲು ಗರಿಗರಿ ಅನ್ನುತ್ತಿತ್ತು, ನಡುವಿನದ್ದು ತೊಯ್ದೇ ಇತ್ತು. ಹದ ಅಂದ್ರೆ ಇಷ್ಟೇ: ನಡುವಿನಿಂದ ಒಂದು ಹಿಡಿ ತೆಗೆದು ಗಟ್ಟಿಯಾಗಿ ಹಿಂಡಿ. ಒಂದು ಹನಿಯೂ ಬೀಳಬಾರದು, ಅಂಗೈ ಮಾತ್ರ ತೇವ ಆಗಬೇಕು. ಹನಿ ಬಿದ್ದರೆ ಇನ್ನೂ ಹರಡಿ. ಅಂಗೈ ಒಣಗೇ ಇದ್ದರೆ ಜಾಸ್ತಿ ಆರಿದೆ. ನೀರು ಜಾಸ್ತಿ ಇದ್ದರೆ ಚೀಲದೊಳಗೆ ಗಾಳಿ ಆಡಲ್ಲ, ಅಣಬೆಯ ಬಿಳಿ ಎಳೆಗೆ ಉಸಿರು ಕಟ್ಟುತ್ತೆ, ಜಾಗ ಬೇರೆ ಬೂಷ್ಟಿನ ಪಾಲಾಗುತ್ತೆ.

ಎಂಟನೇ ದಿನ ಕೊಟ್ಟಿಗೆ ಬಾಗಿಲು ತೆಗೆದರೆ ಹುಳಿ ವಾಸನೆ. ಚೀಲದ ತುಂಬ ಹಸಿರು ಬೂಷ್ಟು. ತಮಾಷೆ ಏನು ಗೊತ್ತಾ? ತೋಟಕ್ಕೆ ಕೊಟ್ಟಿಗೆ ಗೊಬ್ಬರದ ಜೊತೆ ದುಡ್ಡು ಕೊಟ್ಟು ತಂದು ಹಾಕ್ತೀವಲ್ಲ, ಗಿಡದ ರೋಗ ತಡೆಯೋ ಟ್ರೈಕೋಡರ್ಮಾ ಬೂಷ್ಟು, ಅದರದ್ದೇ ಕುಲ. ತೋಟದಲ್ಲಿ ದೇವರು, ಅಣಬೆ ಕೋಣೆಯಲ್ಲಿ ದೆವ್ವ. ಅತ್ತೆ ಬಂದು ಒಂದು ಚೀಲ ಹರಿದು, ಹುಲ್ಲು ಹಿಂಡಿದರು. ಬೆರಳ ಸಂದಿಯಿಂದ ಮೊಣಕೈವರೆಗೂ ನೀರು ಇಳಿಯಿತು. “ಬಟ್ಟೆ ಹಿಂಡದೆ ಒಣಗಾಕ್ತೀಯೇನೇ?” ಅಂದರು, ಅಷ್ಟೇ.

ಅದಕ್ಕೇ ಸರ್ಟಿಫಿಕೇಟ್ ವಿಷಯ ಬಿಟ್ಟುಬಿಡಿ. ನನ್ನ ಅಣಬೆ ಕೊಳ್ಳುವವರು ಯಾರೂ ಇವತ್ತಿನವರೆಗೆ ಅದನ್ನು ಕೇಳಿಲ್ಲ. ತರಬೇತಿಗೆ ನಿಮ್ಮ ಜಿಲ್ಲೆಯ ಕೃಷಿ ವಿಜ್ಞಾನ ಕೇಂದ್ರವಾದರೂ ಸರಿ, ಬೆಂಗಳೂರಿನ ಹತ್ತಿರ ಇದ್ದರೆ ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯಾದರೂ ಸರಿ. ಮೊದಲು ಫೋನ್ ಮಾಡಿ, ಬ್ಯಾಚಿನಲ್ಲಿ ಎಷ್ಟು ಜನ, ನನ್ನ ಕೈಯಲ್ಲೇ ಚೀಲ ತುಂಬಿಸ್ತೀರಾ, ಅದನ್ನು ಮನೆಗೆ ಕೊಡ್ತೀರಾ ಅಂತ ಕೇಳಿ. ಸುಮ್ನೆ ಸ್ಲೈಡ್ ತೋರಿಸೋದಾದ್ರೆ ಬಸ್ ಚಾರ್ಜ್ ದಂಡ.

3 ದಿನ ಸಾಕಾ ಅಂದರೆ, ಬಿಳಿ ಎಳೆ ಹಬ್ಬಿ ಚೀಲ ಬೆಳ್ಳಗಾಗುವುದಕ್ಕೇ 15–20 ದಿನ ಬೇಕು. ತರಬೇತಿ ಮುಗಿದಾಗ ನೀವು ಇನ್ನೂ ಏನೂ ನೋಡಿರಲ್ಲ. ಬರೀ ಐದು ಚೀಲ ತುಂಬಿ, ಒಂದು ಕೆಟ್ಟರೂ ಬಸ್ಸಿನಲ್ಲಿ ಹೊತ್ತುಕೊಂಡು ಹೋಗಿ ಕಲಿಸಿದವರಿಗೇ ತೋರಿಸಿ. ನಾನು ನಾಚಿಕೆಯಿಂದ ಹೋಗಲಿಲ್ಲ, ಇನ್ನೊಂದು ಬ್ಯಾಚ್ ಹಾಳು ಮಾಡಿಕೊಂಡೆ. ಶೆಡ್, ಸಾಲ, ಸಬ್ಸಿಡಿ ಎಲ್ಲಾ ಆಮೇಲೆ.

ಮನೆಯಲ್ಲಿ ಚಿಕ್ಕ ಮಗು ಇದ್ದರೆ ಒಂದು ಮಾತು. ಕೊಯ್ಲಿನ ಹೊತ್ತಿಗೆ ಒಳಗೆ ಕರೆದುಕೊಂಡು ಹೋಗಬೇಡಿ. ಚಿಪ್ಪಿನ ಅಂಚು ಮೇಲಕ್ಕೆ ಸುರುಳಿಕೊಳ್ಳುವ ಮೊದಲೇ ಕಿತ್ತುಬಿಡಿ, ಇಲ್ಲದಿದ್ದರೆ ಬಿಳಿ ಪುಡಿ ಉದುರಿ ಕೆಮ್ಮು ಹತ್ತಿಕೊಳ್ಳುತ್ತೆ. ನಾನು ಈಗಲೂ ಮೂಗಿಗೆ ಸೆರಗು ಕಟ್ಟಿಕೊಂಡೇ ಒಳಗೆ ಹೋಗೋದು.