11 ವರ್ಷ ಸ್ಟಾಫ್ ನರ್ಸ್ ಆಗಿದ್ದವರು ಆಸ್ಪತ್ರೆಯ ಕ್ಲಿನಿಕಲ್ ಮಾಹಿತಿ ವಿಭಾಗದ ಮುಖ್ಯಸ್ಥರಾಗಬಹುದೇ?

ಸಿಸ್ಟರ್, ನಿಮ್ಮ ಪ್ರಶ್ನೆಯನ್ನು ಎರಡು ಸಲ ಓದಿದೆ. ಚಿಕ್ಕಬಳ್ಳಾಪುರದ ಖಾಸಗಿ ಆಸ್ಪತ್ರೆಯಲ್ಲಿ 11 ವರ್ಷದಿಂದ ಕೆಲಸ ಮಾಡುತ್ತಿದ್ದೀರಿ. ಆಸ್ಪತ್ರೆಗೆ ಹೊಸ ಸಾಫ್ಟ್‌ವೇರ್ ಬರುತ್ತಿದೆ. ನೀವು ಕಂಪ್ಯೂಟರಿನಲ್ಲಿ ಚುರುಕು, ಉಳಿದವರಿಗೆ ನೀವೇ ಕಲಿಸಿ ಎಂದು ಮೇಟ್ರನ್ ಹೇಳಿದ್ದಾರೆ. ಈ ದಾರಿ ಹಿಡಿದರೆ ಕ್ಲಿನಿಕಲ್ ಮಾಹಿತಿ ವಿಭಾಗದ, ಅಂದರೆ ಚಿಕಿತ್ಸೆಯ ಸಾಫ್ಟ್‌ವೇರು ವಾರ್ಡಿನ ಕೆಲಸಕ್ಕೆ ಹೊಂದುವಂತೆ ನೋಡಿಕೊಳ್ಳುವ ವಿಭಾಗದ, ಮುಖ್ಯಸ್ಥರ ಹುದ್ದೆಯವರೆಗೆ ಹೋಗಬಹುದೇ, ಎಂಬಿಎ ಬೇಕೇ, ಬೆಂಗಳೂರಿಗೆ ಹೋಗಲೇಬೇಕೇ ಎಂದು ಕೇಳಿದ್ದೀರಿ. ‘ಅದೆಲ್ಲ ಡಾಕ್ಟರುಗಳಿಗೂ ಎಂಜಿನಿಯರುಗಳಿಗೂ ಇರುವ ಹುದ್ದೆ’ ಎಂದು ಯಾರೋ ನಿಮಗೆ ಹೇಳಿರುವುದನ್ನೂ ಬರೆದಿದ್ದೀರಿ. ಆ ಮಾತು ಓದಿ ಸುಮ್ಮನಿರಲು ಆಗಲಿಲ್ಲ, ಅದಕ್ಕೇ ಉದ್ದವಾಗಿ ಬರೆಯುತ್ತಿದ್ದೇನೆ.

ಹೋಗಬಹುದು. ಕೋಲಾರದ ಒಂದು ಆಸ್ಪತ್ರೆಯಲ್ಲಿ 14 ವರ್ಷ ವಾರ್ಡಿನಲ್ಲಿ ದುಡಿದವಳು ನಾನು. ಈಗ ಮೂರು ಆಸ್ಪತ್ರೆಗಳ ಕ್ಲಿನಿಕಲ್ ಮಾಹಿತಿ ವಿಭಾಗವನ್ನು ನೋಡಿಕೊಳ್ಳುತ್ತೇನೆ, ಆಡಳಿತ ಮಂಡಳಿಯ ಸಭೆಯಲ್ಲಿ ಕೂರುತ್ತೇನೆ. ಅಲ್ಲಿಗೆ ನನ್ನನ್ನು ಕರೆದೊಯ್ದದ್ದು 200 ಪುಟದ ಒಂದು ನೋಟ್‌ಬುಕ್.

ನಮ್ಮಲ್ಲಿ ಹೊಸ ಸಾಫ್ಟ್‌ವೇರ್ ಶುರುವಾದ ಎರಡನೆಯ ದಿನ. ಶ್ರೀನಿವಾಸಪುರದ ಕಡೆಯ ಒಬ್ಬ ಅಜ್ಜಿ ನ್ಯುಮೋನಿಯಾ ಆಗಿ ಬೆಳಿಗ್ಗೆ ಏಳೂವರೆಗೆ ವಾರ್ಡಿಗೆ ಬಂದರು. ಡಾಕ್ಟರು ಕಂಪ್ಯೂಟರಿನಲ್ಲಿ ಆಂಟಿಬಯಾಟಿಕ್ ಇಂಜೆಕ್ಷನ್ ಹಾಕಿದರು, ದಿನಕ್ಕೆ ಮೂರು ಸಲ. ಕಾಗದದ ಡ್ರಗ್ ಚಾರ್ಟ್ ಇದ್ದ ಕಾಲದಲ್ಲಿ ಇದನ್ನು ಓದಿದ ಯಾವ ನರ್ಸ್ ಆದರೂ ಮೊದಲ ಡೋಸನ್ನು ಆಗಲೇ ಕೊಟ್ಟು, ಮುಂದಿನದರ ವೇಳೆಯನ್ನು ಹೊಂದಿಸಿಕೊಳ್ಳುತ್ತಿದ್ದಳು. ಸಾಫ್ಟ್‌ವೇರಿನ ಲೆಕ್ಕದಲ್ಲಿ ಮೂರು ಸಲ ಎಂದರೆ ಬೆಳಿಗ್ಗೆ 6, ಮಧ್ಯಾಹ್ನ 2, ರಾತ್ರಿ 10. ಬೆಳಗಿನ 6 ಆಗಲೇ ಕಳೆದಿತ್ತು. ಮೊದಲ ಡೋಸ್ ಮಧ್ಯಾಹ್ನ 2ಕ್ಕೆ ಎಂದು ಪರದೆ ತೋರಿಸುತ್ತಿತ್ತು. ಹೊಸದಾಗಿ ಸೇರಿದ್ದ ಹುಡುಗಿ ಪರದೆ ಹೇಳಿದಂತೆ ಕಾದಳು. ಹನ್ನೊಂದು ಗಂಟೆಗೆ ನಾನು ಆ ಹಾಸಿಗೆಯ ಬಳಿ ಹೋದಾಗ ಅಜ್ಜಿಯ ಕೈ ಸುಡುತ್ತಿತ್ತು. ಟ್ರೇಯಲ್ಲಿ ವಯಲ್ ಸೀಲ್ ಒಡೆಯದೆ ಹಾಗೇ ಇತ್ತು.

ಅಜ್ಜಿ ಚೇತರಿಸಿಕೊಂಡು ಆರನೆಯ ದಿನ ಮನೆಗೆ ಹೋದರು. ನನಗೆ ಮಾತ್ರ ಆ ರಾತ್ರಿ ನಿದ್ದೆ ಬರಲಿಲ್ಲ. ಮರುದಿನದಿಂದ ಯಾರಿಗೆ, ಯಾವ ಔಷಧಿ, ಎಷ್ಟು ಗಂಟೆಗೆ ಬರೆದದ್ದು, ಎಷ್ಟು ಗಂಟೆಗೆ ಕೊಟ್ಟದ್ದು ಎಂದು ನೋಟ್‌ಬುಕ್ಕಿನಲ್ಲಿ ಗುರುತು ಹಾಕಿಕೊಳ್ಳತೊಡಗಿದೆ. ನಾಲ್ಕು ದಿನದಲ್ಲಿ 19 ಮಂದಿಗೆ ಮೊದಲ ಡೋಸ್ ತಡವಾಗಿತ್ತು. ಸಿಬ್ಬಂದಿಗೆ ತರಬೇತಿ ಸಾಲದು ಎಂದು ಆಡಳಿತದವರು ಮೊದಲು ತಳ್ಳಿಹಾಕಿದರು. ನೋಟ್‌ಬುಕ್ಕನ್ನು ಮೆಡಿಕಲ್ ಸೂಪರಿಂಟೆಂಡೆಂಟರ ಮೇಜಿನ ಮೇಲೆ ತೆರೆದಿಟ್ಟೆ. ಅವರು ಹದಿನೈದು ನಿಮಿಷ ಮಾತಾಡದೆ ಪುಟ ತಿರುವಿ, ಕಂಪನಿಗೆ ಫೋನ್ ಮಾಡಿದರು. ಬೆಂಗಳೂರಿನಿಂದ ಬಂದ ಎಂಜಿನಿಯರನ್ನು ರಾತ್ರಿ ಎಂಟಕ್ಕೆ ಔಷಧಿ ಟ್ರಾಲಿಯ ಪಕ್ಕ ಸ್ಟೂಲ್ ಹಾಕಿ ಕೂರಿಸಿದೆ. ಹತ್ತು ಗಂಟೆಯ ಔಷಧಿ ಸುತ್ತು ಮುಗಿಯುವಷ್ಟರಲ್ಲಿ ಆ ಹುಡುಗನಿಗೆ ಎಲ್ಲವೂ ಅರ್ಥವಾಗಿತ್ತು, ಒಳ್ಳೆಯ ಹುಡುಗ. ಮುಂದಿನ ವಾರ ಪರದೆಯ ಮೇಲೆ ‘ಮೊದಲ ಡೋಸ್ ಈಗಲೇ’ ಎಂಬ ಗುಂಡಿ ಬಂತು.

ನೀವು ಕೇಳುತ್ತಿರುವ ಹುದ್ದೆಯ ತಿರುಳು ಇದೇ. ಹಾಸಿಗೆಯ ಬಳಿ ನಡೆಯುವುದಕ್ಕೂ ಪರದೆಯ ಮೇಲೆ ಕಾಣುವುದಕ್ಕೂ ಎಲ್ಲಿ ಹೊಂದಾಣಿಕೆ ತಪ್ಪುತ್ತದೆ ಎಂದು ಕಾಣಬಲ್ಲವರು, ಕಂಡದ್ದನ್ನು ಲೆಕ್ಕಸಹಿತ ತೋರಿಸಬಲ್ಲವರು, ಬೇಕಾದರೆ ಕೆಲಸವನ್ನು ನಿಲ್ಲಿಸಬಲ್ಲವರು ಅದರಲ್ಲಿ ಕೂರಬೇಕು. ಹಾಗಾಗದಿದ್ದರೆ ಏನಾಗುತ್ತದೆ ಎನ್ನುವುದಕ್ಕೆ ಅಮೆರಿಕದ ಒಂದು ಉದಾಹರಣೆಯನ್ನು ನಾನು ಪ್ರತಿ ತರಬೇತಿಯಲ್ಲೂ ಹೇಳುತ್ತೇನೆ. ಪಿಟ್ಸ್‌ಬರ್ಗ್‌ನ ಮಕ್ಕಳ ಆಸ್ಪತ್ರೆಯಲ್ಲಿ 2002ರ ಅಕ್ಟೋಬರಿನಲ್ಲಿ ವೈದ್ಯರು ಔಷಧಿಯನ್ನು ಕಂಪ್ಯೂಟರಿನಲ್ಲೇ ಬರೆಯುವ ವ್ಯವಸ್ಥೆಯನ್ನು ಆರೇ ದಿನದಲ್ಲಿ ಆಸ್ಪತ್ರೆ ಪೂರ್ತಿ ಜಾರಿಗೆ ತಂದರು. ಬೇರೆ ಆಸ್ಪತ್ರೆಗಳಿಂದ ಅಲ್ಲಿಗೆ ಸಾಗಿಸಿ ತಂದ ಮಕ್ಕಳಲ್ಲಿ ಸಾವಿನ ಪ್ರಮಾಣ ಮೊದಲು ಶೇ 2.80 ಇದ್ದದ್ದು, ಆಮೇಲೆ ಶೇ 6.57 ಆಯಿತು. 2005ರಲ್ಲಿ ಅಲ್ಲಿನ ವೈದ್ಯರೇ ಇದನ್ನು ಪ್ರಕಟಿಸಿದರು. ಮಗು ಬಂದು ನೋಂದಣಿ ಆಗುವವರೆಗೆ ಕಂಪ್ಯೂಟರು ಔಷಧಿ ಬರೆಯಲು ಬಿಡುತ್ತಿರಲಿಲ್ಲ. ಮೊದಲಾದರೆ ಆಂಬುಲೆನ್ಸ್ ದಾರಿಯಲ್ಲಿರುವಾಗಲೇ ಔಷಧಿ ಸಿದ್ಧವಾಗಿರುತ್ತಿತ್ತು. ಐಸಿಯುನಲ್ಲಿದ್ದ ಔಷಧಿಗಳನ್ನೂ ಕೇಂದ್ರ ಫಾರ್ಮಸಿಗೆ ಸಾಗಿಸಿಬಿಟ್ಟಿದ್ದರು. ಅದೇ ಕಂಪನಿಯ ಸಾಫ್ಟ್‌ವೇರನ್ನು ಸಿಯಾಟಲ್‌ನ ಮಕ್ಕಳ ಆಸ್ಪತ್ರೆಯಲ್ಲಿ ಅಳವಡಿಸಿದಾಗ ಸಾವು ಹೆಚ್ಚಲಿಲ್ಲ ಎಂದು 2006ರಲ್ಲಿ ವರದಿಯಾಯಿತು. ಅಳವಡಿಸಿದ ರೀತಿ ಬೇರೆಯಾಗಿತ್ತು. ಈ ಎರಡು ಊರುಗಳ ನಡುವಿನ ಅಂತರವನ್ನು ಯೋಚಿಸಿ. ಅದನ್ನು ತುಂಬುವವರು ನೀವು.

‘ಡಾಕ್ಟರುಗಳ ಹುದ್ದೆ’ ಎಂಬ ಮಾತಿಗೆ ಉತ್ತರ ಇನ್ನೂ ಸುಲಭ. ನರ್ಸಿಂಗ್ ಮಾಹಿತಿಶಾಸ್ತ್ರವನ್ನು (ನರ್ಸಿಂಗ್ ಇನ್‌ಫರ್ಮ್ಯಾಟಿಕ್ಸ್) ಒಂದು ಪ್ರತ್ಯೇಕ ವಿಶೇಷ ಕ್ಷೇತ್ರವೆಂದು ಅಮೆರಿಕದ ನರ್ಸ್‌ಗಳ ಸಂಘ ಒಪ್ಪಿದ್ದು 1992ರಲ್ಲಿ. ಅದೇ ದೇಶದ ವೈದ್ಯರಿಗೆ ಕ್ಲಿನಿಕಲ್ ಮಾಹಿತಿಶಾಸ್ತ್ರ ಉಪವಿಶೇಷತೆಯಾಗಿ ಮಾನ್ಯವಾದದ್ದು 2011ರಲ್ಲಿ, ಮೊದಲ ಪರೀಕ್ಷೆ ನಡೆದದ್ದು 2013ರಲ್ಲಿ. ನಮ್ಮ ನರ್ಸ್‌ಗಳ ಬಳಗ ಸುಮಾರು ಎರಡು ದಶಕ ಮುಂದೆ ಇತ್ತು. ನಮ್ಮ ಕಡೆ ಮುಖ್ಯ ಮಾಹಿತಿ ಅಧಿಕಾರಿ ಎಂದರೆ ಹೆಚ್ಚಾಗಿ ಎಂಜಿನಿಯರ್, ಮುಖ್ಯ ವೈದ್ಯಕೀಯ ಮಾಹಿತಿ ಅಧಿಕಾರಿ ಎಂದರೆ ಡಾಕ್ಟರ್. ಮುಖ್ಯ ನರ್ಸಿಂಗ್ ಮಾಹಿತಿ ಅಧಿಕಾರಿ ಎಂಬ ಫಲಕವನ್ನು ನಾನು ನೋಡಿದ್ದು ತೀರಾ ಅಪರೂಪ. ಅದಕ್ಕೆ ಕಾದು ಕೂರಬೇಡಿ. ಸೂಪರ್ ಯೂಸರ್ (ಸಾಫ್ಟ್‌ವೇರನ್ನು ಮೊದಲು ಕಲಿತು ವಾರ್ಡಿನ ಉಳಿದವರಿಗೆ ನೆರವಾಗುವವರು), ತರಬೇತುದಾರರು, ಕ್ಲಿನಿಕಲ್ ಸಂಯೋಜಕರು, ವಿಭಾಗದ ಮುಖ್ಯಸ್ಥರು ಎಂಬ ಮೆಟ್ಟಿಲುಗಳನ್ನೇ ನಾನು ಹತ್ತಿದ್ದು.

ಇನ್ನು ಕಲಿಯಬೇಕಾದದ್ದು. ಎಕ್ಸೆಲ್ ನಿಮ್ಮ ಕೈಗೆ ಹಗ್ಗ ಹೊಸೆದಷ್ಟು ಸಲೀಸಾಗಬೇಕು. ಡೇಟಾಬೇಸಿನಿಂದ ಮಾಹಿತಿ ತೆಗೆಯುವ ಭಾಷೆಯಾದ ಎಸ್‌ಕ್ಯೂಎಲ್ ಅನ್ನು ಒಂದು ಪ್ರಶ್ನೆ ಕೇಳಿ ಉತ್ತರ ತೆಗೆಯುವಷ್ಟು ಕಲಿಯಿರಿ, ಆಗ ಪ್ರತಿ ಅಂಕಿಗೂ ಐಟಿ ವಿಭಾಗದ ಮುಂದೆ ನಿಲ್ಲಬೇಕಾಗಿಲ್ಲ. ಎಲ್ಲ ಆಸ್ಪತ್ರೆಗಳೂ ಒಂದೇ ರೀತಿ ಬರೆಯಲು ಇರುವ ಸಂಕೇತಗಳು, ನಿಯಮಗಳು ಇವು: ರೋಗಗಳಿಗೆ ಐಸಿಡಿ-10, ಲ್ಯಾಬ್ ಪರೀಕ್ಷೆಗಳಿಗೆ ಲೋಯಿಂಕ್, ಕ್ಲಿನಿಕಲ್ ಪದಗಳಿಗೆ ಸ್ನೋಮೆಡ್ ಸಿಟಿ, ಒಂದು ಸಾಫ್ಟ್‌ವೇರ್ ಇನ್ನೊಂದರ ಜೊತೆ ಮಾತಾಡಲು ಫೈರ್ (FHIR). ಇವು ಏಕೆ ಬೇಕು ಎಂದು ಐದು ನಿಮಿಷದಲ್ಲಿ ಒಬ್ಬ ಟ್ರಸ್ಟಿಗೆ ತಿಳಿಯುವಂತೆ ಹೇಳಲು ಬಂದರೆ ಸದ್ಯಕ್ಕೆ ಸಾಕು. ಆಸ್ಪತ್ರೆಗಳ ಗುಣಮಟ್ಟಕ್ಕೆ ಮಾನ್ಯತೆ ಕೊಡುವ ಎನ್‌ಎಬಿಎಚ್ ಮಂಡಳಿ 2023ರಲ್ಲಿ ಹೊರತಂದ ಡಿಜಿಟಲ್ ಆರೋಗ್ಯ ಮಾನದಂಡಗಳನ್ನು ಮಾತ್ರ ಸಾಲು ಸಾಲಾಗಿ ಓದಿ. ಆಡಳಿತದವರು ಕಿವಿಗೊಡುವುದು ಆ ಭಾಷೆಗೆ.

ಹೆಸರುಗಳ ವಿಷಯ ನಮ್ಮ ಜಿಲ್ಲೆಗಳಿಗೇ ವಿಶೇಷವಾದದ್ದು, ಅದರ ಮೇಲೆ ನಿಮಗೆ ಹಿಡಿತ ಬರಲೇಬೇಕು. ನಮ್ಮ ಓಪಿಡಿಯಲ್ಲಿ ಒಂದೇ ದಿನ ನಾಲ್ವರು ಮುನಿಯಮ್ಮ ಬಂದದ್ದಿದೆ. ನಾಲ್ವರಿಗೂ ವಯಸ್ಸು ‘ಅರವತ್ತು ಅಂತ ಬರ್ಕೊಳ್ಳಪ್ಪ’. ವೆಂಕಟರವಣಪ್ಪ ಎಂಬ ಹೆಸರನ್ನು ಕೌಂಟರಿನ ಹುಡುಗರು ಇಂಗ್ಲಿಷಿನಲ್ಲಿ ಐದು ಬಗೆಯಲ್ಲಿ ಬರೆಯುತ್ತಾರೆ. ಮನೆಯಲ್ಲಿ ತೆಲುಗು ಆಡುವವರು ಹೇಳಿದ್ದನ್ನು ಕೇಳಿಸಿಕೊಂಡಂತೆ ಬರೆದರೆ ಆರನೆಯದೂ ಹುಟ್ಟುತ್ತದೆ. ಒಬ್ಬರೇ ಮೂವರಾಗುತ್ತಾರೆ, ಹಳೆಯ ಫೈಲಿನಲ್ಲಿದ್ದ ಪೆನ್ಸಿಲಿನ್ ಅಲರ್ಜಿ ಹೊಸ ಫೈಲಿಗೆ ಬರುವುದೇ ಇಲ್ಲ. 2021ರ ಸೆಪ್ಟೆಂಬರಿನಲ್ಲಿ ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್ ದೇಶದಾದ್ಯಂತ ಶುರುವಾಯಿತಲ್ಲ, ಅದರಲ್ಲಿ ಪ್ರತಿಯೊಬ್ಬರ ಆರೋಗ್ಯ ದಾಖಲೆ ಗುರುತಿಸಲು ಕೊಡುವ 14 ಅಂಕಿಯ ಆಭಾ ಸಂಖ್ಯೆಯ ಬೆಲೆ ನನಗೆ ಅರ್ಥವಾದದ್ದು ಈ ಮುನಿಯಮ್ಮಂದಿರಿಂದ. ಆಭಾ ಇಲ್ಲದವರೂ ಬರುತ್ತಾರೆ, ಮಗನ ಮೊಬೈಲ್ ನಂಬರ್ ಕೊಡುವವರೂ ಬರುತ್ತಾರೆ. ಅವರಿಗಾಗಿ ತಂದೆ ಅಥವಾ ಗಂಡನ ಹೆಸರು, ಊರು, ಹೋಬಳಿ ಮೂರನ್ನೂ ಕೇಳುವ ಕ್ರಮ ಮಾಡಿದ್ದೇವೆ. ನಿಮ್ಮಲ್ಲಿ ಸಾಫ್ಟ್‌ವೇರ್ ಶುರುವಾಗುವ ಮುನ್ನವೇ ಇದನ್ನು ಕೇಳಿ ಮಾಡಿಸಿ, ಆಮೇಲೆ ಜೋಡಿಸುವ ಕೆಲಸ ಬಹಳ ಕಷ್ಟ.

ಇನ್ನೊಂದು, ಸಿಸ್ಟಮ್ ನಿಂತ ದಿನದ ಸಿದ್ಧತೆ. ದೆಹಲಿಯ ಏಮ್ಸ್‌ನಲ್ಲಿ 2022ರ ನವೆಂಬರ್ 23ರಂದು ಸೈಬರ್ ದಾಳಿಯಾಗಿ, ದಿನಗಟ್ಟಲೆ ಎಲ್ಲವನ್ನೂ ಕೈಯಲ್ಲಿ ಬರೆದು ನಡೆಸಬೇಕಾಯಿತು. ಅಂಥ ದೊಡ್ಡ ಸಂಸ್ಥೆಗೇ ಹಾಗಾದರೆ ನಮ್ಮ ಪಾಡೇನು? ನಮ್ಮ ಪ್ರತಿ ವಾರ್ಡಿನಲ್ಲೂ ಒಂದು ಕೆಂಪು ಪೆಟ್ಟಿಗೆ ಇದೆ. ಒಳಗೆ ಖಾಲಿ ಡ್ರಗ್ ಚಾರ್ಟ್, ಲ್ಯಾಬ್ ಚೀಟಿ, ಇಂಡೆಂಟ್ ಪುಸ್ತಕ, ಕಾರ್ಬನ್ ಹಾಳೆ, ಪೆನ್ನು. ಮೂರು ತಿಂಗಳಿಗೊಮ್ಮೆ ಎರಡು ಗಂಟೆ ಕಂಪ್ಯೂಟರ್ ಮುಚ್ಚಿ ಇದರಲ್ಲೇ ಕೆಲಸ ಮಾಡಿಸುತ್ತೇನೆ. ಮಂಡಳಿಯವರಿಗೆ ಇದರ ಖರ್ಚನ್ನು ಒಪ್ಪಿಸಲು 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯೂ ನೆರವಾಯಿತು. ದತ್ತಾಂಶದ ಭದ್ರತೆಯಲ್ಲಿ ಲೋಪವಾದರೆ ದಂಡ 250 ಕೋಟಿ ರೂಪಾಯಿವರೆಗೆ ಇದೆ ಎಂದು ಹೇಳಿದ ಮೇಲೆ ಸಭೆಯಲ್ಲಿ ಮಾತಿನ ದಾಟಿಯೇ ಬದಲಾಯಿತು.

ಎಂಬಿಎ ಈಗಲೇ ಬೇಡ. ಬಜೆಟ್ ಓದಲು, ಕಂಪನಿಯ ಜೊತೆಗಿನ ಕರಾರು ಓದಲು ಕಲಿಯಿರಿ. ಕರಾರು ಮುಗಿದಾಗ ನಮ್ಮ ದತ್ತಾಂಶ ನಮಗೆ ಯಾವ ರೂಪದಲ್ಲಿ ಸಿಗುತ್ತದೆ ಎಂಬ ಕಲಮು ಇದೆಯೇ ಎಂದು ಮೊದಲು ಹುಡುಕಿ. ನಾನು ಆಸ್ಪತ್ರೆ ಆಡಳಿತದ ಡಿಪ್ಲೊಮಾವನ್ನು ದೂರಶಿಕ್ಷಣದಲ್ಲಿ ಮಾಡಿದ್ದು ವಿಭಾಗದ ಮುಖ್ಯಸ್ಥೆ ಆದ ಮೇಲೆ.

ಬೆಂಗಳೂರು? ಎರಡು ವರ್ಷ ಬಂಗಾರಪೇಟೆಯಿಂದ ಬೆಳಗಿನ ರೈಲು ಹಿಡಿದು ಓಡಾಡಿದ್ದೇನೆ. ಅಲ್ಲಿ ಯೋಜನೆಯನ್ನು ದಿನ ಲೆಕ್ಕ ಹಾಕಿ ನಡೆಸುವ ಶಿಸ್ತು ಕಲಿತೆ, ಅದು ಇಂದಿಗೂ ಉಪಯೋಗವಾಗುತ್ತಿದೆ. ಆದರೆ ದೊಡ್ಡ ಆಸ್ಪತ್ರೆಯಲ್ಲಿ ನನಗೆ ಸಿಕ್ಕಿದ್ದು ಒಂದು ಚೂರು ಕೆಲಸ. ನೋಂದಣಿಯಿಂದ ಡಿಸ್ಚಾರ್ಜ್ ಬಿಲ್ಲಿನವರೆಗೆ ರೋಗಿಯ ಇಡೀ ದಾರಿಯನ್ನು ಒಬ್ಬರೇ ನಡೆದು ನೋಡಲು ಆಗುವುದು ನಮ್ಮಂಥ ಊರುಗಳಲ್ಲಿ. ಟಾಟಾ ಟ್ರಸ್ಟ್ಸ್ ಮತ್ತು ಟಿಸಿಎಸ್ ರಾಜ್ಯ ಸರ್ಕಾರದೊಂದಿಗೆ ಸೇರಿ, ಆರೋಗ್ಯ ಕೇಂದ್ರಗಳನ್ನೂ ಆಸ್ಪತ್ರೆಗಳನ್ನೂ ಕಂಪ್ಯೂಟರಿನಲ್ಲಿ ಜೋಡಿಸುವ ಡಿಜಿಟಲ್ ನರ್ವ್ ಸೆಂಟರ್ ಕಟ್ಟಿದ್ದು ಕೋಲಾರದಲ್ಲೇ ಎಂಬುದನ್ನೂ ನೆನಪಿಡಿ. ನಿಮ್ಮ ಮನೆಯ ಪರಿಸ್ಥಿತಿ ಒಪ್ಪಿದರೆ ಒಂದೆರಡು ವರ್ಷ ಹೋಗಿ ಬನ್ನಿ, ಶುರುವನ್ನು ಇಲ್ಲೇ ಮಾಡಿ.

ಹಣದ ಮಾತನ್ನು ಮುಚ್ಚಿಡುವುದಿಲ್ಲ. ಮೊದಲ ಮೂರು ವರ್ಷ ನನಗೆ ಹೆಚ್ಚೇನೂ ಸಿಗಲಿಲ್ಲ, ನೈಟ್ ಡ್ಯೂಟಿಯ ಭತ್ಯೆ ಹೋಗಿ ಕೈಗೆ ಬರುವುದು ಕಡಿಮೆಯೇ ಆಯಿತು. ನಾನು ಮಾಡಿದ ದೊಡ್ಡ ತಪ್ಪು, ‘ಡ್ಯೂಟಿಯ ಜೊತೆಗೇ ಇದನ್ನೂ ನೋಡಿಕೊಳ್ಳಿ’ ಎಂದಾಗ ತಲೆಯಾಡಿಸಿದ್ದು. ಒಂದು ವರ್ಷ ಎರಡು ಕೆಲಸ ಮಾಡಿ ಎರಡರಲ್ಲೂ ಸೋತು ಸುಣ್ಣವಾದೆ. ನೀವು ಹಾಗೆ ಮಾಡಬೇಡಿ. ಮೇಟ್ರನ್ ಹತ್ತಿರ ಲಿಖಿತ ಆದೇಶ ಕೇಳಿ. ಅದರಲ್ಲಿ ಹುದ್ದೆಯ ಹೆಸರು ಇರಲಿ, ವಾರದಲ್ಲಿ ಎಷ್ಟು ದಿನ ಈ ಕೆಲಸಕ್ಕೆ, ಎಷ್ಟು ದಿನ ವಾರ್ಡಿಗೆ ಎಂದು ಇರಲಿ. ರೋಗಿಗೆ ಅಪಾಯ ಕಂಡರೆ ಸಾಫ್ಟ್‌ವೇರಿನ ಆ ಭಾಗವನ್ನು ನಿಲ್ಲಿಸುವಂತೆ ನೇರವಾಗಿ ಮೆಡಿಕಲ್ ಸೂಪರಿಂಟೆಂಡೆಂಟರಿಗೆ ಹೇಳುವ ಅಧಿಕಾರವೂ ಇರಲಿ. ವಾರಕ್ಕೆ ಒಂದು ದಿನವಾದರೂ ವಾರ್ಡ್ ಡ್ಯೂಟಿಯನ್ನು ಉಳಿಸಿಕೊಳ್ಳಿ. ನಾನು ಇಂದಿಗೂ ಗುರುವಾರ ಬೆಳಿಗ್ಗೆ ಹ್ಯಾಂಡ್‌ಓವರ್‌ಗೆ ನಿಲ್ಲುತ್ತೇನೆ.

ಆದೇಶದ ಒಕ್ಕಣೆ ಹೇಗಿರಬೇಕೆಂದು ತೊಡಕಾದರೆ ಇಲ್ಲಿಯೇ ಕೇಳಿ, ನನಗೆ ಕೊಟ್ಟ ಆದೇಶದ ಸಾಲುಗಳನ್ನು ಹೆಸರು ತೆಗೆದು ಹಾಕುತ್ತೇನೆ. ನೋಟ್‌ಬುಕ್ಕನ್ನು ಮಾತ್ರ ನಾಳೆಯ ಡ್ಯೂಟಿಯಿಂದಲೇ ಶುರುಮಾಡಿ. ಸಾಫ್ಟ್‌ವೇರ್ ಬರುವ ಮೊದಲು ಮೊದಲ ಡೋಸ್‌ಗೆ ಎಷ್ಟು ಹೊತ್ತು ಹಿಡಿಯುತ್ತಿತ್ತು ಎಂಬ ಲೆಕ್ಕ ನನ್ನ ಬಳಿ ಇರಲಿಲ್ಲ, ನಿಮ್ಮ ಬಳಿ ಇರಲಿ.