ಮಾತ್ರೆ ಬಾಯಿಗೆ, ಯೀಸ್ಟ್ ಸೆಟ್ಟಿನಲ್ಲಿ

ಶಿವಮೊಗ್ಗದ ಓದುಗರೊಬ್ಬರ ಪತ್ರ: “ತಾಯಿಗೆ ಮೇಲಿನ ಹಲ್ಲಿನ ಸೆಟ್ ಇದೆ. ಅಂಗುಳ ಕೆಂಪಾಗಿ ಉರಿಯುತ್ತದೆ. ಶಿಲೀಂಧ್ರ ಸೋಂಕಿನ ಮಾತ್ರೆ ಫ್ಲುಕೊನಜೋಲ್ ನುಂಗಿದರೆ ಹೋಗುತ್ತದೆ, ತಿಂಗಳಲ್ಲಿ ಮತ್ತೆ ಹಾಜರ್. ಇದಕ್ಕಿಂತ ಬಲವಾದ ಔಷಧ ತಿಳಿಸಿ.”

ಬಲವಾದ ಔಷಧಗಳಿವೆ. ಇಂಥ ಉರಿಗೆ ಸಾಮಾನ್ಯ ಕಾರಣವಾದ ಕ್ಯಾಂಡಿಡಾ ಎಂಬ ಯೀಸ್ಟ್ (ಒಂದು ಬಗೆಯ ಶಿಲೀಂಧ್ರ) ರಕ್ತಕ್ಕಿಳಿದಾಗ ಜೀವ ಉಳಿಸುವುದೂ ಅವೇ. ಆದರೆ ಸ್ವಾಮಿ, ತಾಯಿ ರಾತ್ರಿ ಸೆಟ್ ತೆಗೆದಿಡುತ್ತಾರೋ ಇಲ್ಲವೋ, ಆ ಒಂದು ಮಾತು ನಿಮ್ಮ ಪತ್ರದಲ್ಲಿಲ್ಲವಲ್ಲ!

ಈ ಯೀಸ್ಟ್ ಆರೋಗ್ಯವಂತರ ಬಾಯಲ್ಲೂ ಇರುತ್ತದೆ; ಜೊಲ್ಲು ಅದನ್ನು ತೊಳೆಯುತ್ತಲೇ ಇರುತ್ತದೆ. ರೋಗ ತರಬೇಕಾದರೆ ಮೊದಲು ಅದು ಅಂಟಬೇಕು. ಗುಂಡಗಿನ ಕೋಶ ಉದ್ದನೆಯ ಎಳೆ ಬಿಡುತ್ತದೆ. ಎಳೆಯ ಮೈಮೇಲಿನ ಎಎಲ್‌ಎಸ್3 ಪ್ರೋಟೀನು ನಮ್ಮ ಕೋಶಗಳನ್ನು ಒಂದಕ್ಕೊಂದು ಬೆಸೆಯುವ ಇ-ಕ್ಯಾಡ್ಹೆರಿನ್ ಎಂಬ ಪ್ರೋಟೀನನ್ನು ಹಿಡಿಯುತ್ತದೆ. ಎಚ್‌ಡಬ್ಲ್ಯುಪಿ1 ಎಂಬ ಇನ್ನೊಂದು ಪ್ರೋಟೀನು ಇನ್ನೂ ಕಿಲಾಡಿ: ನಮ್ಮದೇ ಟ್ರಾನ್ಸ್‌ಗ್ಲುಟಮಿನೇಸ್ ಕಿಣ್ವದ ಕೈಯಲ್ಲಿ ತನ್ನನ್ನು ನಮ್ಮ ಕೋಶಕ್ಕೆ ಹೊಲಿಸಿಕೊಳ್ಳುತ್ತದೆ. 1999ರಲ್ಲಿ ಬಯಲಾದ ಈ ಬಂಧ ಮುಕ್ಕಳಿಸಿದರೆ ಬಿಡುವಂಥದ್ದಲ್ಲ. ಎಎಲ್‌ಎಸ್3 ವಿರುದ್ಧ ಎನ್‌ಡಿವಿ-3ಎ ಎಂಬ ಲಸಿಕೆ ತಯಾರಾಗಿ, ಪದೇಪದೇ ಯೋನಿ ಸೋಂಕಿಗೆ ತುತ್ತಾಗುವ, 40ರೊಳಗಿನ ಮಹಿಳೆಯರಲ್ಲಿ ಫಲ ತೋರಿತು. ವರದಿ ಬಂದದ್ದು 2018ರಲ್ಲಿ. ಅಂಗಡಿಗೆ ಮಾತ್ರ ಇನ್ನೂ ಬಂದಿಲ್ಲ.

ಅಲ್ಲಿಯವರೆಗೆ ಅಂಟುವ ಜಾಗವನ್ನೇ ತಪ್ಪಿಸಿ. ಸೆಟ್ಟಿನ ಅಕ್ರಿಲಿಕ್ ಒಳಮೈಯ ಸಣ್ಣ ರಂಧ್ರಗಳಲ್ಲಿ ಯೀಸ್ಟ್ ಪದರಗಟ್ಟಿ ಕೂತಿರುತ್ತದೆ, ಆ ಪದರದ ಮೇಲೆ ಫ್ಲುಕೊನಜೋಲ್ ಆಟ ನಡೆಯದು. ದಿನಾ ಅಂಗುಳಕ್ಕೆ ತಾಗುವ ಬದಿಯನ್ನು ಮೆದು ಬ್ರಷ್, ಸಾದಾ ಸೋಪಿನಿಂದ ಉಜ್ಜಿ. ಟೂತ್‌ಪೇಸ್ಟ್ ಬೇಡ; ಅದರಿಂದ ಬೀಳುವ ಗೀರುಗಳೇ ಯೀಸ್ಟಿಗೆ ಹೊಸ ಮನೆ. ಆಮೇಲೆ 0.5% ಸೋಡಿಯಂ ಹೈಪೋಕ್ಲೋರೈಟಿನಲ್ಲಿ (ಬ್ಲೀಚ್ ದ್ರಾವಣ) 10 ನಿಮಿಷ, ಹೆಚ್ಚು ಬೇಡ. ಸೆಟ್ಟಿನಲ್ಲಿ ಲೋಹವಿದ್ದರೆ ಇದು ಕೂಡದು, ತುಕ್ಕು ಹಿಡಿಯುತ್ತದೆ. ಚೆನ್ನಾಗಿ ತೊಳೆದು ರಾತ್ರಿಯಿಡೀ ನೀರಿನಲ್ಲಿಡಿ. ಸೆಟ್ ಸಡಿಲವಾಗಿದ್ದರೆ ದಂತವೈದ್ಯರಿಗೆ ತೋರಿಸಿ, ಸಕ್ಕರೆ ಪರೀಕ್ಷೆಯನ್ನೂ ಮಾಡಿಸಿ. ಇನ್‌ಹೇಲರಿನಲ್ಲಿ ಸ್ಟೆರಾಯ್ಡ್ ಎಳೆಯುವವರಾದರೆ ಪ್ರತಿ ಸಲವೂ ಬಾಯಿ ಮುಕ್ಕಳಿಸಿ ಉಗುಳಬೇಕು. ವೈದ್ಯರು ಶಿಲೀಂಧ್ರಕ್ಕೆ ನಿಸ್ಟಾಟಿನ್, ಬಾಯಿ ಮುಕ್ಕಳಿಸಲು ಕ್ಲೋರ್‌ಹೆಕ್ಸಿಡೀನ್ ಎರಡನ್ನೂ ಬರೆದುಕೊಟ್ಟರೆ ನಡುವೆ ಅರ್ಧ ಗಂಟೆಯಾದರೂ ಬಿಡಿ; ಒಟ್ಟಿಗೆ ಸೇರಿದರೆ ಒಂದರ ಗುಣವನ್ನು ಇನ್ನೊಂದು ಕೆಡಿಸುತ್ತದೆ.

ಇಷ್ಟನ್ನು ಒಂದು ಚೀಟಿಯಲ್ಲಿ ಅಚ್ಚು ಹಾಕಿಸಿ ಸೆಟ್ಟಿನ ಜೊತೆ ಕೊಡಲು ಎಷ್ಟು ಖರ್ಚಾದೀತು? ಅದಿಲ್ಲ, ಆದರೆ ಬಾಯಿ ಉರಿ ಎಂದರೆ ಸಾಕು, ವೈದ್ಯರ ಚೀಟಿ ಕೇಳದೆ 150 ಮಿಲಿಗ್ರಾಂ ಫ್ಲುಕೊನಜೋಲ್ ಕೊಡುವ ಮೆಡಿಕಲ್ ಸ್ಟೋರುಗಳಿಗೆ ಬರವಿಲ್ಲ. ಕ್ಯಾಂಡಿಡಾ ಗ್ಲಬ್ರಾಟಾ ಎಂಬ ಜಾತಿಯ ಯೀಸ್ಟ್ ಅದಕ್ಕೆ ಸುಲಭವಾಗಿ ಬಗ್ಗುವುದಿಲ್ಲ ಎಂದು ಯಾರು ಹೇಳುತ್ತಾರೆ? ಹೃದಯಕ್ಕೆಂದು, ರಕ್ತ ಹೆಪ್ಪುಗಟ್ಟದಂತೆ ತಡೆಯುವ ವಾರ್ಫರಿನ್ ನುಂಗುತ್ತಿದ್ದೀರಾ ಎಂದಾದರೂ ಕೇಳಬೇಡವೇ? ಎರಡೂ ಕೂಡಿದರೆ ರಕ್ತಸ್ರಾವದ ಅಪಾಯ ಏರುತ್ತದೆ.

— ಸಂ.