ಬೆಂಗಳೂರು–ದುಬೈ: ಹೋಗಲು ಎರಡೂವರೆ ಗಂಟೆ, ಬರಲು ಐದೂಕಾಲು?

ಇದು ಎರಡು ಊರಿನ ಗಡಿಯಾರಗಳ ಗೊಂದಲ, ಟಿಕೆಟ್ ತಪ್ಪಿಲ್ಲ. ಹೊರಡುವ ಹೊತ್ತು ಹೊರಡುವ ಊರಿನದು, ಇಳಿಯುವ ಹೊತ್ತು ಇಳಿಯುವ ಊರಿನದು. ದುಬೈ ನಮಗಿಂತ ಒಂದೂವರೆ ಗಂಟೆ ಹಿಂದೆ.

ಮೊದಲು ಹೋಗುವ ಟಿಕೆಟ್ ನೋಡಿ: ಬೆಳಿಗ್ಗೆ 10:30ರಿಂದ ಮಧ್ಯಾಹ್ನ 1:00. ಇದಕ್ಕೆ ಒಂದೂವರೆ ಗಂಟೆ ಕೂಡಿಸಿ, ನಾಲ್ಕು ಗಂಟೆ ಆಯ್ತು. ವಾಪಸ್ ಬರುವಾಗ ರಾತ್ರಿ 9:30ರಿಂದ 2:45. ಇಲ್ಲಿ ಒಂದೂವರೆ ಕಳೆಯಿರಿ, ಮೂರೂಮುಕ್ಕಾಲು. ಆಮೇಲೂ ಉಳಿಯುವ ಕಾಲು ಗಂಟೆ ಹೆಚ್ಚಾಗಿ ಗಾಳಿಯದು. ಎತ್ತರದಲ್ಲಿ ಪಶ್ಚಿಮದಿಂದ ಬೀಸುವ ಗಾಳಿ ಹೋಗುವಾಗ ಎದುರು, ಬರುವಾಗ ಬೆನ್ನಿಗೆ. ಚಳಿಗಾಲದಲ್ಲಿ ಇನ್ನೂ ಜೋರು. ನೀವು ಹೋಗೋ ದಿನ ಗಾಳಿ ಎಷ್ಟಿರುತ್ತೆ ಅಂತ ಈಗಲೇ ಹೇಳಕ್ಕಾಗಲ್ಲ, ಹತ್ತಿಪ್ಪತ್ತು ನಿಮಿಷ ಆಚೀಚೆ ಅಂದುಕೊಳ್ಳಿ.

ನೇರ ದೂರ ಸುಮಾರು 2,700 ಕಿ.ಮೀ. ಅದನ್ನ ಗಂಟೆಗೆ 850ರಿಂದ ಭಾಗಿಸಿ ಮೂರು ಗಂಟೆ ಹತ್ತು ನಿಮಿಷ ಅಂತ ತೋರಿಸೋ ವೆಬ್‌ಸೈಟ್ ನಂಬಬೇಡಿ. ರನ್‌ವೇವರೆಗೆ ಉರುಳೋದು, ಏರೋದು, ಇಳಿಯೋದು, ದುಬೈ ಮೇಲೆ ಸರದಿಗೆ ಸುತ್ತೋದು ಯಾವುದೂ ಅದರ ಲೆಕ್ಕದಲ್ಲಿಲ್ಲ.

ಒಂದು ಮುಖ್ಯ ವಿಷಯ: ವಾಪಸ್ ಟಿಕೆಟ್‌ನಲ್ಲಿ 2:45ರ ಪಕ್ಕ ಸಣ್ಣಕ್ಷರದಲ್ಲಿ +1 ಅಂತ ಇರುತ್ತೆ, ಅಂದರೆ ಮರುದಿನ. ನಾನದನ್ನ ಗಮನಿಸದೆ ತಮ್ಮನನ್ನ ಒಂದು ದಿನ ಮುಂಚೆಯೇ ದೇವನಹಳ್ಳಿಗೆ ಕರೆಸಿ ಬೈಸಿಕೊಂಡಿದ್ದೆ. ಕ್ಯಾಬ್ ಬುಕ್ ಮಾಡುವಾಗ ಆ ಮರುದಿನದ ತಾರೀಕನ್ನೇ ಹಾಕಿ, ಹೊತ್ತು ಬೆಳಗಿನ ಜಾವ 3:45 ಇಟ್ಟರೆ ಇಮಿಗ್ರೇಷನ್, ಲಗೇಜಿಗೆ ಸಾಕಾಗುತ್ತೆ.